ರಕ್ತದ ಗುಂಪು: ತಾಯಿಯ ಪಾಲು, ತಂದೆಯ ಪಾಲು

ಸ್ಮರಣ ಸಂಚಿಕೆಗೊಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನಾವು ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅದನ್ನು ಮೊದಲು ನಿವೇದಿಸುವೆವು.

ಬಾಲಿಕೆಯರ ಗುರುತಿನ ಚೀಟಿಯಲ್ಲಿ ರಕ್ತದ ಗುಂಪನ್ನೂ ನಮೂದಿಸುವುದು ಈಗಿನ ವಾಡಿಕೆಯಾಗಿದೆ. ಒಂದು ಸಾಯಂಕಾಲ ಮಂಡಕಳ್ಳಿಯಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಚೀಟಿಯನ್ನು ಹಿಡಿದುಕೊಂಡು ನಮ್ಮ ಕೊಠಡಿಗೆ ಬಂದಳು. ಅವಳ ಪತಿಯದು ‘ಎ’ ಗುಂಪು, ಅವಳದು ‘ಬಿ’, ಮಗಳದು ‘ಓ’. “ಇಬ್ಬರಲ್ಲಿಯೂ ಇಲ್ಲದ್ದು ಕೂಸಿಗೆ ಎಲ್ಲಿಂದ ಬಂತು?” ಎಂದು ಮನೆಯಲ್ಲಿ ಯಾರೋ ಆಡಿದ ಮಾತು ಬೆಳೆದು, ಪತಿಯು ಎಂಟು ದಿವಸಗಳಿಂದ ಅವಳೊಡನೆ ಸರಿಯಾಗಿ ಮಾತನಾಡಿರಲಿಲ್ಲ. “ಮಿಸ್, ಮಗುವಿಗೆ ತಂದೆಯ ಗುಂಪಾದರೂ ತಾಯಿಯ ಗುಂಪಾದರೂ ಬರುತ್ತದೆಂದು ನೀವೇ ತರಗತಿಯಲ್ಲಿ ಹೇಳಿದ್ದಿರಲ್ಲವೇ?” ಎಂದು ಅವಳು ಕೇಳಿದಳು. ನಾವು ನಾಚಿದೆವು. ಪರೀಕ್ಷೆ ಸಮೀಪಿಸಿದ ಆತುರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದ ಆ ಅರೆಪಾಠವು ಇಷ್ಟು ವರ್ಷಗಳ ಮೇಲೆ ಒಂದು ಮನೆಯ ನೆಮ್ಮದಿಯನ್ನು ಕೆಡಿಸಿತ್ತು. ಆ ಸಾಲವನ್ನು ತೀರಿಸುವುದಕ್ಕಾಗಿಯೇ ಈ ಲೇಖನ.

ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯ ವಿಜ್ಞಾನಿಯು 1901ರಲ್ಲಿ ಮನುಷ್ಯರ ರಕ್ತವು ಒಂದೇ ಬಗೆಯದಲ್ಲವೆಂದು ತೋರಿಸಿದನು. ಕೆಂಪು ಕಣಗಳ ಮೇಲ್ಮೈಯಲ್ಲಿ ‘ಎ’ ಎಂಬ ವಸ್ತುವಿದ್ದರೆ ‘ಎ’ ಗುಂಪು, ‘ಬಿ’ ಎಂಬುದಿದ್ದರೆ ‘ಬಿ’, ಎರಡೂ ಇದ್ದರೆ ‘ಎಬಿ’, ಎರಡೂ ಇಲ್ಲದಿದ್ದರೆ ‘ಓ’. ಹೊಂದದ ರಕ್ತವನ್ನು ಕೊಟ್ಟರೆ ರೋಗಿಯ ಪ್ರಾಣಕ್ಕೇ ಅಪಾಯ. ಈ ಶೋಧನೆಗಾಗಿ ಆತನಿಗೆ 1930ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಗುಂಪುಗಳು ವಂಶಪಾರಂಪರ್ಯವಾಗಿ ಇಳಿಯುವ ಸರಿಯಾದ ಕ್ರಮವನ್ನು 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಜರ್ಮನಿಯ ಗಣಿತಜ್ಞನು ವಿವರಿಸಿದನು.

ಆ ಕ್ರಮವನ್ನು ತಿಳಿಯಲು ಹೊಲಿಗೆಯ ತರಗತಿಯ ಮಣಿಗಳನ್ನು ಸ್ಮರಿಸಿರಿ. ಕೆಂಪು ಮಣಿ ‘ಎ’, ನೀಲಿ ಮಣಿ ‘ಬಿ’, ಬಣ್ಣವಿಲ್ಲದ ಗಾಜಿನ ಮಣಿ ‘ಓ’ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರಲ್ಲಿಯೂ ಇಂಥ ಮಣಿಗಳು ಎರಡೆರಡು; ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ವಿಜ್ಞಾನಿಗಳು ಇವನ್ನು ವಂಶವಾಹಿಗಳೆನ್ನುವರು. ಕೆಂಪಿನ ಜೊತೆಗೆ ಗಾಜಿದ್ದರೆ ಕಣ್ಣಿಗೆ ಕಾಣುವುದು ಕೆಂಪೇ. ಗಾಜು ಇದ್ದೂ ಇಲ್ಲದಂತೆ ಅಡಗಿರುವುದು. ಕೆಂಪೂ ನೀಲಿಯೂ ಕೂಡಿದರೆ ಎರಡೂ ಕಾಣುವುವು. ಎರಡೂ ಗಾಜಾದರೆ ಮಾತ್ರ ‘ಓ’ ಗುಂಪು.

ಈಗ ಆ ತಾಯಿಯ ಮನೆಯನ್ನು ನೋಡಿರಿ. ತಂದೆಯಲ್ಲಿ ಕೆಂಪು ಮತ್ತು ಗಾಜು, ತಾಯಿಯಲ್ಲಿ ನೀಲಿ ಮತ್ತು ಗಾಜು. ಇಬ್ಬರೂ ತಮ್ಮ ತಮ್ಮ ಗಾಜಿನ ಮಣಿಯನ್ನೇ ಕೊಟ್ಟರೆ ಮಗುವು ‘ಓ’ ಆಗುವುದು. ಇಂಥ ದಂಪತಿಗಳ ಮಗುವು ‘ಎ’, ‘ಬಿ’, ‘ಎಬಿ’, ‘ಓ’ ನಾಲ್ಕರಲ್ಲಿ ಯಾವುದೂ ಆಗಬಹುದು. ಒಂದೊಂದಕ್ಕೂ ನಾಲ್ಕರಲ್ಲೊಂದು ಪಾಲಿನ ಸಂಭವ. ಹಾಗೆಂದು ನಾಲ್ವರು ಮಕ್ಕಳಿಗೆ ನಾಲ್ಕು ಗುಂಪುಗಳೆಂದು ಎಣಿಸಬಾರದು. ಪ್ರತಿಯೊಂದು ಜನನದಲ್ಲಿಯೂ ಮಣಿಗಳು ಹೊಸದಾಗಿ ಆರಿಸಲ್ಪಡುವುವು. ‘ಎಬಿ’ ಹಾಗೂ ‘ಓ’ ದಂಪತಿಗಳಿಗೆ ಸಾಮಾನ್ಯವಾಗಿ ಹುಟ್ಟುವ ಮಕ್ಕಳು ‘ಎ’ ಅಥವಾ ‘ಬಿ’. ಎಂದರೆ ತಾಯಿಯ ಗುಂಪೂ ಅಲ್ಲ, ತಂದೆಯ ಗುಂಪೂ ಅಲ್ಲ! ನಮ್ಮ ಹಳೆಯ ವಾಕ್ಯವು ಎಷ್ಟು ತಪ್ಪೆಂಬುದು ಇದರಿಂದಲೇ ವೇದ್ಯವಾಗುವುದು.

‘ಓ’ ದಂಪತಿಗಳಿಗೆ ‘ಓ’ ಮಕ್ಕಳೇ ಹುಟ್ಟುವುದು ನಿಯಮ. ಆದರೆ ಇದಕ್ಕೂ ಅಪವಾದವುಂಟು. 1952ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಭೇಂಡೆಯವರೂ ಅವರ ಸಹೋದ್ಯೋಗಿಗಳೂ ಒಂದು ವಿಚಿತ್ರ ರಕ್ತವನ್ನು ಕಂಡು ಪ್ರಕಟಿಸಿದರು. ಅದೇ ‘ಬಾಂಬೆ ಗುಂಪು’. ‘ಎ’, ‘ಬಿ’ ವಸ್ತುಗಳು ‘ಎಚ್’ ಎಂಬ ಅಡಿಪಾಯದ ಮೇಲೆ ಕಟ್ಟಲ್ಪಡುವುವು. ಅಡಿಪಾಯವೇ ಇಲ್ಲದವರಲ್ಲಿ ಕೆಂಪು ಅಥವಾ ನೀಲಿ ಮಣಿಯಿದ್ದರೂ ಗೋಡೆಯು ಏಳದು. ಸಾಧಾರಣ ಪರೀಕ್ಷೆಯಲ್ಲಿ ಅವರು ‘ಓ’ ಎಂದೇ ತೋರುವರು. ಆದರೆ ಅಡಗಿದ ಆ ಮಣಿಯನ್ನು ಮಗುವಿಗೆ ಕೊಡಬಲ್ಲರು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಹೀಗಿರುವರೆಂದು ಅಂದಾಜು. ಇವರಿಗೆ ಸಾಮಾನ್ಯ ‘ಓ’ ರಕ್ತವೂ ಸಲ್ಲದು. ತಾಯಿ ತಂದೆಗಳಿಬ್ಬರಿಂದಲೂ ಅದೇ ಕೊರತೆಯು ಬಂದರೆ ಮಾತ್ರ ಹೀಗಾಗುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ನಮ್ಮ ನಾಡಿನ ವಾಡಿಕೆಯು ಇದರ ಸಂಭವವನ್ನು ಹೆಚ್ಚಿಸುವುದು. ಇಂಥವರಿಗೆ ರಕ್ತವು ಬೇಕಾದಾಗ ಒಡಹುಟ್ಟಿದವರನ್ನು ಮೊದಲು ಪರೀಕ್ಷಿಸುವುದೂ ಇದೇ ಕಾರಣದಿಂದ.

ಇನ್ನೂ ಸಮೀಪದ ಉದಾಹರಣೆಯೊಂದಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ ಕೋಲಾರದ 38 ವರ್ಷದ ಮಹಿಳೆಯೊಬ್ಬರಿಗೆ, ‘ಓ’ ಗುಂಪಿನವರಾಗಿದ್ದರೂ, ಯಾವ ‘ಓ’ ರಕ್ತವೂ ಹೊಂದಲಿಲ್ಲ. ಬಂಧುಗಳಾದ ಇಪ್ಪತ್ತು ಜನರದೂ ಹೊಂದಲಿಲ್ಲ. ವೈದ್ಯರು ರಕ್ತವನ್ನು ಕೊಡದೆಯೇ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಬೆಂಗಳೂರಿನ ರಕ್ತಕೇಂದ್ರದವರು ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಕಳುಹಿಸಲು, ಹತ್ತು ತಿಂಗಳ ಸಂಶೋಧನೆಯ ಮೇಲೆ ಅದುವರೆಗೆ ಯಾರೂ ಅರಿಯದ ರಕ್ತಲಕ್ಷಣವೊಂದು ಗೊತ್ತಾಯಿತು. 2025ರಲ್ಲಿ ಅದಕ್ಕೆ ‘ಕ್ರಿಬ್’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಭಾರತವೂ ಬೆಂಗಳೂರೂ ಅಡಕವಾಗಿವೆ.

ತಾಯಂದಿರು ಮರೆಯಬಾರದ ಇನ್ನೊಂದು ಸಂಗತಿಯುಂಟು. ಆರ್‌ಎಚ್ ಎಂಬ ಲಕ್ಷಣವಿದ್ದರೆ ‘ಪಾಸಿಟಿವ್’, ಇಲ್ಲದಿದ್ದರೆ ‘ನೆಗೆಟಿವ್’. ಇಲ್ಲಿಯೂ ‘ನೆಗೆಟಿವ್’ ಗಾಜಿನ ಮಣಿಯಂತೆ ಅಡಗಿ ಬರುವುದು. ಪಾಸಿಟಿವ್ ದಂಪತಿಗಳಿಗೆ ನೆಗೆಟಿವ್ ಮಗುವು ಹುಟ್ಟಬಹುದು. ತಾಯಿಯು ನೆಗೆಟಿವ್ ಆಗಿ ಮಗುವು ಪಾಸಿಟಿವ್ ಆದರೆ, ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲದಿದ್ದರೂ ಮುಂದಿನ ಮಗುವಿಗೆ ರಕ್ತಹೀನತೆಯೂ ಕಾಮಾಲೆಯೂ ತಗಲಬಹುದು. ಗರ್ಭದ 28ನೆಯ ವಾರದ ಸುಮಾರಿಗೂ, ಹೆರಿಗೆಯಾಗಿ 72 ಗಂಟೆಗಳೊಳಗೂ ಕೊಡುವ ‘ಆಂಟಿ-ಡಿ’ ಚುಚ್ಚುಮದ್ದು ಇದನ್ನು ತಡೆಯುವುದು. ಆದುದರಿಂದ ಬಸುರಿನ ಆರಂಭದಲ್ಲಿಯೇ ಗುಂಪನ್ನು ತಿಳಿದುಕೊಳ್ಳಿರಿ.

ಆದರೆ ಗುಂಪನ್ನು ಚಿಕಿತ್ಸೆಗಾಗಿ ತಿಳಿಯಿರಿ, ತೀರ್ಪಿಗಾಗಿ ಅಲ್ಲ. ಚೀಟಿಯಲ್ಲಿ ಬರೆದುದೇ ತಪ್ಪಾಗಿರಬಹುದು, ಸರಿಯಾಗಿದ್ದರೂ ಅಪವಾದಗಳುಂಟು. ಇಂಥ ಎರಡಕ್ಷರಗಳನ್ನು ಹಿಡಿದು ಒಬ್ಬ ಹೆಣ್ಣುಮಗಳ ಶೀಲವನ್ನು ಅಳೆಯುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು.

ಮರುದಿನ ಆ ದಂಪತಿಗಳಿಬ್ಬರೂ ಬಂದರು. ನಾವು ಮೇಜಿನ ಮೇಲೆ ಮಣಿಗಳನ್ನಿಟ್ಟು ಇದೇ ಪಾಠವನ್ನು ಹೇಳಿದೆವು. ಆ ತಂದೆಯವರು ಎರಡು ಗಾಜಿನ ಮಣಿಗಳನ್ನು ಒಟ್ಟಿಗೆ ಸರಿಸಿ, ಬಹಳ ಹೊತ್ತು ನೋಡಿ, “ನಮ್ಮ ತಾಯಿಯವರದೂ ‘ಓ’ ಗುಂಪೇ, ಅಮ್ಮಾ” ಎಂದರು. ಹಾಗಿದ್ದ ಮೇಲೆ ಅವರಲ್ಲಿ ಗಾಜಿನ ಮಣಿಯಿದ್ದುದಕ್ಕೆ ಬೇರೆ ಸಾಕ್ಷಿಯೇ ಬೇಡ. ಅಜ್ಜಿಯ ಮಣಿಯೊಂದು ಮಗನಲ್ಲಿ ಮರೆಯಾಗಿದ್ದು ಮೊಮ್ಮಗಳಲ್ಲಿ ಕಾಣಿಸಿಕೊಂಡಿತ್ತು. ಅವರು ಪತ್ನಿಯ ಕೈಯಿಂದ ಮಗಳ ಚೀಟಿಯನ್ನು ತೆಗೆದುಕೊಂಡು ತಮ್ಮ ಜೇಬಿನಲ್ಲಿಟ್ಟುಕೊಂಡರು. ನಮ್ಮ ಶಾಲೆಯಿಂದ ಹೊರಟ ಪ್ರತಿಯೊಬ್ಬ ಮಗಳೂ ಈ ಪಾಠವನ್ನು ಪೂರ್ಣವಾಗಿ ಅರಿತು, ನೆರೆಹೊರೆಯವರಿಗೂ ತಿಳಿಸಲೆಂದು ದೇವರಲ್ಲಿ ನಮ್ಮ ಪ್ರಾರ್ಥನೆ.