ಮೋಟಾರು ಎಣ್ಣೆಯ ಸ್ನಿಗ್ಧತೆ

'ನಮ್ಮದು ಸೆಕೆಯ ಸೀಮೆ. ಆದುದರಿಂದ ಕಾರಿನ ಎಂಜಿನ್ನಿಗೆ ಗಟ್ಟಿ ಎಣ್ಣೆಯನ್ನೇ ಹಾಕಬೇಕು' ಎಂಬ ಮಾತನ್ನು ಕರಾವಳಿಯ ವಾಚಕರಲ್ಲಿ ಅನೇಕರು ಕೇಳಿರಬಹುದು. ಮೇಲ್ನೋಟಕ್ಕೆ ಯುಕ್ತವೆಂದು ತೋರುವ ಈ ಮಾತು ಭೌತಶಾಸ್ತ್ರದ ಪರೀಕ್ಷೆಯಲ್ಲಿ ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದನ್ನು ವಿಚಾರಿಸೋಣ.

ಇಲ್ಲಿ 'ಗಟ್ಟಿ' ಎಂದರೆ ಸಾಂದ್ರತೆಯಲ್ಲ. ತೆಂಗಿನೆಣ್ಣೆಯು ನೀರಿನ ಮೇಲೆ ತೇಲುತ್ತದೆ. ಆದರೂ ನೀರಿಗಿಂತ ನಿಧಾನವಾಗಿ ಹರಿಯುತ್ತದೆ. ದ್ರವದ ಒಂದು ಪದರವು ಇನ್ನೊಂದರ ಮೇಲೆ ಜಾರುವಾಗ ಒದಗುವ ಪ್ರತಿರೋಧವೇ ಸ್ನಿಗ್ಧತೆ. ಉಷ್ಣತೆ ಏರಿದಂತೆ ಇದು ಬಹು ಶೀಘ್ರವಾಗಿ ಕುಗ್ಗುತ್ತದೆ. ಮುಂಜಾನೆ ಚಮಚದಿಂದ ಇಳಿಯಲೊಲ್ಲದ ಜೋನಿಬೆಲ್ಲವು ಬಿಸಿ ದೋಸೆಯ ಮೇಲೆ ಹರಿದೋಡುವುದನ್ನು ಕಾಣದವರು ನಮ್ಮಲ್ಲಿ ವಿರಳ.

ಎಣ್ಣೆಯ ಡಬ್ಬಿಯ ಮೇಲೆ 20ಡಬ್ಲ್ಯು-40, 10ಡಬ್ಲ್ಯು-30 ಎಂಬಂಥ ಸಂಖ್ಯೆಗಳಿರುತ್ತವೆ. ಇವು ವರ್ಗಗಳ ಹೆಸರುಗಳೇ ಹೊರತು ಉಷ್ಣತೆಯ ಅಳತೆಗಳಲ್ಲ. 'ಡಬ್ಲ್ಯು' ಎಂಬುದು ವಿಂಟರ್, ಅಂದರೆ ಚಳಿಗಾಲದ ಸಂಕೇತ. 20ಡಬ್ಲ್ಯು ವರ್ಗದ ಎಣ್ಣೆಯು ಎಂಜಿನ್ನನ್ನು ತಿರುಗಿಸಗೊಡುವುದೇ ಎಂಬುದನ್ನು ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೂ, 10ಡಬ್ಲ್ಯು ವರ್ಗದ್ದನ್ನು 25 ಡಿಗ್ರಿ ಕೆಳಗೂ ಪರೀಕ್ಷಿಸಲಾಗುತ್ತದೆ. (ಕಾಪುವಿನ ದೀಪಸ್ತಂಭದ ಬಳಿ ಅಂಥ ಚಳಿ ಬೀಳಬೇಕಾದರೆ ಇನ್ನೊಂದು ಹಿಮಯುಗವೇ ಬರಬೇಕಾದೀತು!) ಎರಡನೆಯ ಸಂಖ್ಯೆಯು 100 ಡಿಗ್ರಿಯಲ್ಲಿನ ಸ್ನಿಗ್ಧತೆಯನ್ನು ಸೂಚಿಸುತ್ತದೆ: 30ರ ವರ್ಗಕ್ಕೆ 9.3ರಿಂದ 12.5 ಸೆಂಟಿಸ್ಟೋಕ್, 40ರ ವರ್ಗಕ್ಕೆ 12.5ರಿಂದ 16.3.

ಈಗ ಮೂಲ ಪ್ರಶ್ನೆಗೆ ಬರೋಣ. ಥರ್ಮೋಸ್ಟಾಟ್ ಎಂಬ ಸಾಧನವು ಎಂಜಿನ್ನನ್ನು ತಂಪುಗೊಳಿಸುವ ನೀರನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿಡುತ್ತದೆ. ಕಾದ ಎಂಜಿನ್ನಿನ ಎಣ್ಣೆ ಉಡುಪಿಯಲ್ಲಾಗಲಿ ಶಿಮ್ಲಾದಲ್ಲಾಗಲಿ ಹೆಚ್ಚುಕಡಿಮೆ 100 ಡಿಗ್ರಿಯ ಸುತ್ತಮುತ್ತಲೇ ಇರುತ್ತದೆ. ಹಾಗಾದರೆ ಎರಡನೆಯ ಸಂಖ್ಯೆಯನ್ನು ನಿರ್ಣಯಿಸುವುದು ಊರಿನ ಸೆಕೆಯಲ್ಲ. ಬೇರಿಂಗು ಮತ್ತು ದಂಡಗಳ ನಡುವೆ ನಿರ್ಮಾಪಕನು ಬಿಟ್ಟಿರುವ, ಮಿಲಿಮೀಟರಿನ ಕೆಲವೇ ನೂರನೆಯ ಭಾಗಗಳಷ್ಟಿರುವ ತೆರವು. ತಿರುಗುವ ದಂಡವು ಎಣ್ಣೆಯನ್ನು ತನ್ನಡಿಗೆ ಬೆಣೆಯಂತೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಎಣ್ಣೆ ತೀರ ತೆಳುವಾದರೆ ಆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಗಟ್ಟಿಯಾದರೆ ಪೆಟ್ರೋಲಿನ ಶಕ್ತಿಯ ಒಂದಂಶ ಎಣ್ಣೆಯನ್ನು ಕಲಕುವುದರಲ್ಲಿಯೇ ವ್ಯಯವಾಗುತ್ತದೆ. ಎಂಜಿನ್ ಚಾಲೂ ಆದಾಗ ದೂರದ ಭಾಗಗಳಿಗೆ ಎಣ್ಣೆ ತಡವಾಗಿ ತಲುಪುತ್ತದೆ. 100 ಡಿಗ್ರಿಯಲ್ಲಿ 10 ಸೆಂಟಿಸ್ಟೋಕ್ ಇರುವ ಎಣ್ಣೆಯು 30 ಡಿಗ್ರಿಯಲ್ಲಿ ಸುಮಾರು ಅದರ ಹತ್ತು ಪಟ್ಟು ಗಟ್ಟಿ. ನಮಗೆ ಬೆವರಿಳಿಸುವ ಮುಂಜಾನೆಯೂ ಎಂಜಿನ್ನಿಗೆ ಚಳಿಗಾಲವೇ!

2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನಂಥ ಹಳೆಯ ಗಾಡಿಗಳಿಗೆ 20ಡಬ್ಲ್ಯು-40 ಒಗ್ಗುತ್ತಿತ್ತು. ಇಂದಿನ ಹಲವು ಪೆಟ್ರೋಲ್ ಕಾರುಗಳ ಕೈಪಿಡಿಗಳು 0ಡಬ್ಲ್ಯು-20, 0ಡಬ್ಲ್ಯು-16 ಎಂದು ವಿಧಿಸುತ್ತವೆ. ಅಂಥವಕ್ಕೆ ರೂಢಿಯ ಗಟ್ಟಿ ಎಣ್ಣೆಯನ್ನು ಸುರಿಯುವುದು ಹಿತೋಪಚಾರವಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ತುಂಬಿದ ಗಾಡಿಯಲ್ಲಿ ಕೆಳಗಿನ ಗೇರಿನಲ್ಲಿ ಏರುವಾಗ ಎಣ್ಣೆ 100 ಡಿಗ್ರಿಯನ್ನು ಮೀರಿ ಕಾಯಬಹುದು, ನಿಜ. ನಿತ್ಯವೂ ಅಂಥ ದುಡಿಮೆಯಿದ್ದರೆ, ಮತ್ತು ಕೈಪಿಡಿ ಅನುಮತಿಸಿದರೆ, ಒಂದು ವರ್ಗ ಮೇಲಿನದನ್ನು ಆರಿಸಿಕೊಳ್ಳಬಹುದು.

ಉಡುಪಿಯಿಂದ ಮಣಿಪಾಲಕ್ಕೆ ಮಾತ್ರ ಓಡಾಡುವ ಕಾರಿನ ಕಷ್ಟ ಬೇರೆ ಬಗೆಯದು. ಎಣ್ಣೆ ಪೂರ್ತಿ ಕಾಯುವ ಮೊದಲೇ ಪ್ರಯಾಣ ಮುಗಿಯುವುದರಿಂದ ಉರಿಯದೆ ಉಳಿದ ಪೆಟ್ರೋಲೂ ನೀರಾವಿಯೂ ಅದರಲ್ಲಿಯೇ ಸೇರಿಕೊಳ್ಳುತ್ತವೆ. ಇಂಥ ಕಾರಿನ ಎಣ್ಣೆಯನ್ನು ಕಿಲೋಮೀಟರುಗಳನ್ನು ಎಣಿಸಿ ಅಲ್ಲ, ತಿಂಗಳುಗಳನ್ನು ಎಣಿಸಿ ಬದಲಿಸಬೇಕು.