ಕರಿಮದ್ದಿನ ಒಂಟಿ ಈಡಿನ ಕೋವಿ: ರಚನೆ, ಚರಿತ್ರೆ, ಕಾನೂನು

ಹಿರಿಯರ ಕಾಲದಿಂದ ಬಂದ ಒಂಟಿ ನಳಿಕೆಯ ಕೋವಿ ತೋಟದ ಮನೆಗಳಲ್ಲಿ ಅಲ್ಲಲ್ಲಿ ಇಂದಿಗೂ ಉಂಟು. ಮಂಗ, ಹಂದಿಗಳ ಕಾಟ ಹೆಚ್ಚಿದಾಗ ಅದನ್ನು ಸರಿಮಾಡಿಸಬಹುದೇ, ಹಳೆಯ ತೋಟೆಗೆ ಹೊಂದುವ ಹೊಸ ಕೋವಿಯನ್ನೇ ಮಾಡಿಸಬಹುದೇ ಎಂಬ ಯೋಚನೆ ಬರುವುದು ಸಹಜ. ಜೀವಕ್ಕೂ ಜಮೀನಿಗೂ ಸಂಬಂಧಿಸಿದ ವಿಷಯವಾದ್ದರಿಂದ ಇದನ್ನು ಈ ಸಂಚಿಕೆಯ ಪಾಠವಾಗಿ ಆರಿಸಿಕೊಂಡಿದ್ದೇವೆ.

ತೋಟೆ ಮೊದಲು, ಕೋವಿ ಆಮೇಲೆ

ಕೇಪಿನ ಕೋವಿಗೆ ಮದ್ದು, ಗುಂಡುಗಳನ್ನು ನಳಿಕೆಯ ಬಾಯಿಯಿಂದ ತುಂಬಿ ಗಜದಿಂದ ಜಡಿಯುತ್ತಾರೆ. ತೋಟೆ ಕೋವಿಯಲ್ಲಿ ಕೇಪು, ಮದ್ದು, ಗುಂಡು ಮೂರೂ ಒಂದೇ ಹಿತ್ತಾಳೆ ಕೊಳವೆಯಲ್ಲಿದ್ದು, ಅದನ್ನು ಹಿಂಬದಿಯಿಂದ ಇಡಲಾಗುತ್ತದೆ. ಬ್ರಿಟಿಷ್ ಸೈನ್ಯ 1871ರಲ್ಲಿ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ಈ ಜಾತಿಯ ಪ್ರಸಿದ್ಧ ರೈಫಲು. ಕೆಳಗಿನ ಸನ್ನೆಯನ್ನು ಒತ್ತಿದರೆ ಹಿಂಬದಿಯ ಉಕ್ಕಿನ ಅಚ್ಚು ತಗ್ಗಿ ಬಾಯಿ ತೆರೆಯುತ್ತದೆ, ಎತ್ತಿದರೆ ಮುಚ್ಚುತ್ತದೆ. ಒಂದು ಸಲಕ್ಕೆ ಒಂದೇ ಈಡು.

ಅಮೆರಿಕದಲ್ಲಿ 1873ರ .45-70 ತೋಟೆಗೆ ಇಂಥ ರೈಫಲನ್ನು ಹೊಸದಾಗಿ ಕಟ್ಟಿಸಿಕೊಳ್ಳುವ ಹವ್ಯಾಸಿಗಳು ಈಗಲೂ ಇದ್ದಾರೆ. ಆ ಹೆಸರಿನಲ್ಲೇ ಲೆಕ್ಕವಿದೆ: ಗುಂಡಿನ ಅಡ್ಡಳತೆ ಸುಮಾರು 0.45 ಇಂಚು, ಕರಿಮದ್ದು 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ. ನುರಿತ ಕೆಲಸಗಾರ ಮೊದಲು ನೋಡುವುದು ತೋಟೆಯನ್ನು. ತೋಟೆ ಕೂರುವ ಕೋಣೆ, ಗುಂಡನ್ನು ತಿರುಗಿಸುವ ನಳಿಕೆಯೊಳಗಿನ ಗೀರು, ಹಿಂಬದಿಯ ಬಿಗಿ ಎಲ್ಲವೂ ಅದರ ಅಳತೆಯನ್ನು ಅನುಸರಿಸುತ್ತವೆ. ಕೊನೆಗೆ ಹೆಚ್ಚಿನ ಮದ್ದಿನಿಂದ ನಳಿಕೆಯನ್ನು ಪರೀಕ್ಷಿಸಿ ಮುದ್ರೆ ಒತ್ತಬೇಕು. ಪಂಪ್‌ಸೆಟ್ ರಿಪೇರಿಯ ಲೇತಿನಲ್ಲಿ ಕೊರೆದ ನೀರಿನ ಪೈಪಿಗೆ ಈ ಯಾವ ಭರವಸೆಯೂ ಇಲ್ಲ.

ಒತ್ತಡದ ವಿಚಾರ

.45-70ರಲ್ಲಿ ಕರಿಮದ್ದು ಹುಟ್ಟಿಸುವ ಒತ್ತಡ ಚದರ ಇಂಚಿಗೆ ಸುಮಾರು 20 ಸಾವಿರ ಪೌಂಡು. ಹೊಗೆಯಿಲ್ಲದ ಮದ್ದನ್ನು ಬಳಸುವ ಇಂದಿನ ರೈಫಲುಗಳಲ್ಲಿ ಅದು 50 ಸಾವಿರವನ್ನು ಮೀರುತ್ತದೆ. ಹೊಗೆಯಿಲ್ಲದ ಮದ್ದಿಗೆ ಇನ್ನೊಂದು ಗುಣವೂ ಇದೆ: ಒತ್ತಡ ಏರಿದಷ್ಟೂ ಅದು ವೇಗವಾಗಿ ಉರಿಯುತ್ತದೆ. ಆದ್ದರಿಂದ ಕರಿಮದ್ದಿಗೆಂದು ಮಾಡಿದ ನಳಿಕೆಗೆ ಈ ಮದ್ದನ್ನು ಚಿಟಿಕೆಯಷ್ಟೂ ಹಾಕಬಾರದು. ಸಿಡಿದರೆ ಮೊದಲು ಹೋಗುವುದು ಹಿಡಿದವನ ಕೈ, ಕಣ್ಣು.

ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಮಸಿಯಾಗಿ ಉಳಿಯುತ್ತದೆ. ಈ ಮಸಿ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮಳೆಗಾಲ ಕಳೆದ ಹಳೆಯ ಕೋವಿ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಗುಳಿ ಬಿದ್ದಿರಬಹುದು.

ಕೊಪ್ಪಳದ ಕೋಟೆ ಹೇಳುವ ಕಥೆ

ಕೋವಿಗೆ ಸರ್ಕಾರದ ಅನುಮತಿ ಬೇಕೆಂಬ ಕಟ್ಟಳೆ ಎಲ್ಲಿಂದ ಬಂತೆಂದು ತಿಳಿಯಲು ಬಯಲುಸೀಮೆಯತ್ತ ನೋಡಬೇಕು. ಬಾಯಿಂದ ಕಚ್ಚಿ ಹರಿಯಬೇಕಾಗಿದ್ದ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ಕಾಗದದ ತೋಟೆ 1857ರ ದಂಗೆಗೆ ಒಂದು ಕಾರಣವಾಯಿತು. ಅದೇ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಬಂಡೆದ್ದರು. ಮರುವರ್ಷ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳು ಅಧಿಕಾರಿಗಳ ವಶವಾದಾಗ ಮುಂಡರಗಿ ಭೀಮರಾಯರು ಬಂಡಾಯ ಹೂಡಿ ಕೊಪ್ಪಳದ ಕೋಟೆಯನ್ನು ಹಿಡಿದರು. ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. 1858ರ ಜೂನ್ 1ರಂದು ಭೀಮರಾಯರೂ ಹಮ್ಮಿಗಿ ಕೆಂಚನಗೌಡರೂ ಆ ಕೋಟೆಯಲ್ಲಿ ಹೋರಾಡಿ ಮಡಿದರು.

ಕೊಡವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಉಳಿದವರಿಗೆ 1878ರ ಆಯುಧ ಕಾಯಿದೆ ಬಿಗಿಯಾಗಿಯೇ ಬಂತು. ಸ್ವತಂತ್ರ ಭಾರತದಲ್ಲಿ ಅದರ ಜಾಗಕ್ಕೆ 1959ರ ಕಾಯಿದೆ ಬಂದಿದೆ.

ಬೆಳೆಗಾರರು ನೆನಪಿಡಬೇಕಾದದ್ದು

1. ಕೋವಿ ತಯಾರಿಸಲು, ಮಾರಲು, ದುರಸ್ತಿ ಮಾಡಲು 5ನೆಯ ಕಲಮಿನಂತೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸಾಗಲಿ, ಕೊಡಗಿನ ವಿನಾಯಿತಿಯಾಗಲಿ ತಯಾರಿಸಲು ಅನುಮತಿಯಲ್ಲ. 2019ರ ತಿದ್ದುಪಡಿಯ ನಂತರ ಅನಧಿಕೃತ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸಜೆ.

2. ಹಳೆಯದೆಂಬ ಮಾತ್ರಕ್ಕೆ ಕೋವಿಗೆ ರಿಯಾಯಿತಿ ಇಲ್ಲ. ದುರಸ್ತಿ ಮಾಡಿದರೂ ಹಾರದ ಸ್ಥಿತಿಯಲ್ಲಿರುವ ಹಳೆಯ ಆಯುಧಕ್ಕೆ ಮಾತ್ರ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಕೇಪಿನ ಕೋವಿಯೂ ಲೈಸೆನ್ಸಿಗೆ ಒಳಪಟ್ಟದ್ದೇ.

3. ಲೈಸೆನ್ಸುದಾರರು ತೀರಿಕೊಂಡಲ್ಲಿ ವಾರಸುದಾರರು ಕೋವಿಯನ್ನು ಅಟ್ಟದ ಮೇಲೆ ಇಟ್ಟು ಸುಮ್ಮನಿರಬಾರದು. ತಡಮಾಡದೆ ಠಾಣೆಯಲ್ಲಾಗಲಿ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಟ್ಟು ರಸೀದಿ ಪಡೆದು, ತಮ್ಮ ಹೆಸರಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು.

4. ಬೆಳೆ ರಕ್ಷಣೆಗೆಂದು ಕೋವಿ ಸಿಕ್ಕಿದೆಯೆಂದರೆ ಪ್ರಾಣಿ ಕೊಲ್ಲಲು ಅನುಮತಿ ಸಿಕ್ಕಂತಲ್ಲ. 1972ರ ವನ್ಯಜೀವಿ ಕಾಯಿದೆ ಬೇರೆಯೇ ಇದೆ.

5. ಈಡು ಹಾರದಿದ್ದರೆ ಕೂಡಲೇ ಬಾಯಿ ತೆರೆಯಬಾರದು. ನಳಿಕೆಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ನಾಲ್ಕು ಗೊನೆ ಅಡಿಕೆ ಹೋದರೆ ಮುಂದಿನ ವರ್ಷ ಬರುತ್ತದೆ. ಮನೆಯ ದುಡಿಯುವ ಮಗ ಕೈ ಕಳೆದುಕೊಂಡರೆ ಅಥವಾ ಜೈಲು ಸೇರಿದರೆ ತೋಟ ನೋಡುವವರಿರುವುದಿಲ್ಲ. ಹಿರಿಯರ ಹೆಸರಿನಲ್ಲೇ ಉಳಿದಿರುವ ಕೋವಿ ಇದ್ದವರು ಈ ವಾರವೇ ಅದರ ಲೈಸೆನ್ಸ್ ಪುಸ್ತಕವನ್ನು ತೆಗೆದು ತಾರೀಖು ನೋಡಬೇಕೆಂದು ಕೋರುತ್ತೇವೆ.