ಗೂಡಿನ ನಾಯಿಮರಿಗೆ ಶುಚಿತ್ವದ ಪಾಠ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ದನ, ಕುರಿ, ಕುದುರೆಗಳು ನಮ್ಮ ಹಟ್ಟಿಗೆ ಬರುವುದಕ್ಕಿಂತ ಸಾವಿರಾರು ವರ್ಷಗಳ ಮೊದಲೇ ಅದು ನಮ್ಮ ಪೂರ್ವಿಕರ ಬೆಂಕಿಯ ಬಳಿ ಬಂದು ಮಲಗಿತ್ತು. ಕನ್ನಡನಾಡಿನ ಚರಿತ್ರೆಯಲ್ಲಿಯೂ ನಾಯಿಗೆ ಗೌರವದ ಸ್ಥಾನವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ಕಾಳಿ ಎಂಬ ಬೇಟೆನಾಯಿಯ ಸಾಹಸವನ್ನು ಹೇಳುತ್ತದೆ. ಗಂಗರ ದೊರೆ ಬೂತುಗನಿಂದ ಮಣಲೆರನೆಂಬ ವೀರನು ಪಡೆದ ಆ ನಾಯಿಯು ದೊಡ್ಡ ಕಾಡುಹಂದಿಯೊಡನೆ ಸೆಣಸಿತು. ಕೊನೆಗೆ ಎರಡೂ ಮಡಿದವು. ಒಂದು ನಾಯಿಗಾಗಿ ಕಲ್ಲು ನೆಡಿಸಿದ ಜನರು ನಮ್ಮ ಹಿರಿಯರು.

ಆ ಕಾಲದ ನಾಯಿಗೆ ಕಾಡೂ ಬಯಲೂ ಇದ್ದುವು. ನಮ್ಮ ಕಾಸರಗೋಡಿನ ಹಳೆಯ ಮನೆಗಳಲ್ಲಿಯೂ ನಾಯಿಯು ಜಗಲಿಯ ಕೆಳಗೆ ಮಲಗಿ, ತೋಟದಲ್ಲಿ ತಿರುಗಿ, ತನ್ನ ಶೌಚವನ್ನು ತಾನೇ ದೂರದಲ್ಲಿ ಮುಗಿಸಿಕೊಂಡು ಬರುತ್ತಿತ್ತು. ಮನೆಯಲ್ಲಿ ಯಾವಾಗಲೂ ಯಾರಾದರೊಬ್ಬರು ಇರುತ್ತಿದ್ದರು. ಈಗ ಕಾಲವು ಬದಲಾಗಿದೆ. ತಂದೆ ಮಂಗಳೂರಿನ ಬಸ್ಸನ್ನು ಹಿಡಿಯುತ್ತಾರೆ, ತಾಯಿ ತಮ್ಮ ಕಚೇರಿಗೆ ಹೋಗುತ್ತಾರೆ, ಮಕ್ಕಳು ಶಾಲೆಗೆ ಬರುತ್ತಾರೆ. ಆದರೂ ಮಕ್ಕಳಿಗೆ ಮರಿ ಬೇಕು. ಮರಿಯು ಬರುತ್ತದೆ, ಅದರ ಜೊತೆಗೆ ಅಂಗಡಿಯವರು ಕ್ರೇಟ್ ಎಂದು ಕರೆಯುವ ತಂತಿಯ ಗೂಡೂ ಬರುತ್ತದೆ. ಸಂಜೆ ಬಾಗಿಲು ತೆರೆದಾಗ ಗೂಡೆಲ್ಲ ಹೊಲಸು, ಮರಿಯ ಮೈಯೆಲ್ಲ ಹೊಲಸು. ಆಗ ಮನೆಯವರು ಮರಿಯನ್ನು ದಂಡಿಸುತ್ತಾರೆ. ತಪ್ಪು ಯಾರದು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ಒಟ್ಟಿಗೆ ಕುಳಿತು ವಿಚಾರಿಸಲಿ ಎಂಬುದೇ ಈ ಪಾಠದ ಉದ್ದೇಶವು.

1. ಪ್ರಕೃತಿಯು ಕಲಿಸಿದ ಪಾಠ

ನಾಯಿಮರಿಯು ಹುಟ್ಟುವಾಗ ಕುರುಡಾಗಿರುತ್ತದೆ. ಎರಡು ವಾರಗಳ ಹೊತ್ತಿಗೆ ಕಣ್ಣು ತೆರೆಯುತ್ತದೆ. ಮೊದಲ ಕೆಲವು ವಾರ ಅದು ತಾನಾಗಿ ಮಲಮೂತ್ರಗಳನ್ನು ವಿಸರ್ಜಿಸಲೂ ಶಕ್ತವಲ್ಲ. ತಾಯಿಯು ನೆಕ್ಕಿ ಪ್ರಚೋದಿಸಿದಾಗಲೇ ಅದು ಸಾಧ್ಯ; ಹೊರಬಿದ್ದುದನ್ನು ತಾಯಿಯೇ ನೆಕ್ಕಿ ಶುಚಿಮಾಡುತ್ತದೆ. ಹೀಗೆ ಮರಿಗಳ ಹಾಸಿಗೆಯು ಸದಾ ಒಣಗಿರುತ್ತದೆ. ಸುಮಾರು ಮೂರು ವಾರ ತುಂಬಿ ಕಾಲುಗಳಿಗೆ ಬಲ ಬಂದೊಡನೆ ಮರಿಯು ಮಲಗುವ ತಾಣವನ್ನು ಬಿಟ್ಟು ಕೊಂಚ ದೂರ ಹೋಗಿ ಶೌಚ ಮಾಡತೊಡಗುತ್ತದೆ. ಇದನ್ನು ಅದಕ್ಕೆ ಯಾರೂ ಕಲಿಸಿದ್ದಿಲ್ಲ. ಮಲಗುವಲ್ಲಿ ಹೊಲಸು ಮಾಡಬಾರದೆಂಬುದು ಅದರ ಹುಟ್ಟುಗುಣ.

ಎಂಟು ವಾರಗಳ ಹೊತ್ತಿಗೆ ಮರಿಯು ಕಾಲಡಿಯ ನೆಲವನ್ನೂ ಗುರುತಿಸತೊಡಗುತ್ತದೆ. ಹುಲ್ಲಿನ ಮೇಲೆ ಅಭ್ಯಾಸವಾದರೆ ಹುಲ್ಲನ್ನೂ, ಸಿಮೆಂಟಿನ ಮೇಲೆ ಅಭ್ಯಾಸವಾದರೆ ಸಿಮೆಂಟನ್ನೂ ಅದು ಮುಂದೆ ಹುಡುಕುತ್ತದೆ. ಇಕ್ಕಟ್ಟಾದ ಪಂಜರದಲ್ಲಿಯೇ ಶೌಚ ಮಾಡಬೇಕಾಗಿ ಬಂದು ಬೆಳೆದ ಮರಿಯಲ್ಲಿ ಆ ಹುಟ್ಟುಗುಣವು ಮಂಕಾಗುತ್ತದೆ. ಅದಕ್ಕೆ ಕಲಿಸುವುದು ಬಹಳ ಕಷ್ಟ. ಆದುದರಿಂದ ನಮ್ಮ ಕೆಲಸವು ಹೊಸದೊಂದನ್ನು ತುರುಕುವುದಲ್ಲ, ಇರುವ ಗುಣವನ್ನು ಕೆಡದಂತೆ ಕಾಪಾಡುವುದು.

2. ಗೂಡು ಹೇಗಿರಬೇಕು?

ಗೂಡು ಮರಿಗೆ ಮಲಗುವ ಕೋಣೆ, ಅದು ಸೆರೆಮನೆಯಾಗಬಾರದು. ಮರಿಯು ತಲೆ ಬಗ್ಗಿಸದೆ ನಿಲ್ಲಲು, ಸುತ್ತ ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಸ್ಥಳವಿರಬೇಕು. ಅತಿ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಹೊಲಸು ಮಾಡುತ್ತದೆ. ಬೆಳೆಯುವ ಮರಿಗಾಗಿ ದೊಡ್ಡ ಗೂಡನ್ನು ಕೊಂಡಿದ್ದರೆ ನಡುವೆ ತಡೆಯೊಂದನ್ನು ಇಟ್ಟು, ಬೆಳೆದಂತೆ ಹಿಂದಕ್ಕೆ ಸರಿಸಬೇಕು. ಬಿಸಿಲು ಬೀಳುವ ಜಗಲಿಯಲ್ಲಿ ಗೂಡನ್ನು ಇಡತಕ್ಕದ್ದಲ್ಲ. ಏಪ್ರಿಲ್, ಮೇ ತಿಂಗಳುಗಳ ಕರಾವಳಿಯ ಸೆಕೆಯಲ್ಲಿ ಗಾಳಿ, ನೆರಳು, ನೀರು ಇವು ಮೂರೂ ಅವಶ್ಯ. ತಂತಿಗೆ ಸಿಕ್ಕಿಕೊಂಡು ಪ್ರಾಣಾಪಾಯವಾಗದಂತೆ, ಒಳಗೆ ಬಿಡುವಾಗ ಕೊರಳಪಟ್ಟಿಯನ್ನು ಬಿಚ್ಚಿಡಬೇಕು.

ಮೊದಲ ದಿನವೇ ಒಳಗೆ ತಳ್ಳಿ ಬಾಗಿಲು ಹಾಕಬಾರದು. ಬಾಗಿಲನ್ನು ತೆರೆದಿಟ್ಟು ಒಳಗೆ ಊಟವಿಡಿರಿ. ತಾನಾಗಿ ಒಳಹೋಗಿ ಉಣ್ಣತೊಡಗಿದ ಮೇಲೆ ಒಂದು ನಿಮಿಷ ಬಾಗಿಲು ಮುಚ್ಚಿರಿ. ಬಳಿಕ ಐದು, ಹತ್ತು, ಮೂವತ್ತು ನಿಮಿಷ. ನೀವು ಎದುರಿಗಿದ್ದಾಗ ಸುಮ್ಮನಿರಲು ಕಲಿತ ಮೇಲೆಯೇ ಮರೆಯಾಗಿರಿ. ಈ ಅಭ್ಯಾಸಕ್ಕೆ ಒಂದೆರಡು ವಾರಗಳಾದರೂ ಬೇಕು. ಆದ್ದರಿಂದ ಮರಿಯನ್ನು ತರುವುದಾದರೆ ದೀರ್ಘ ರಜೆಯ ಆರಂಭದಲ್ಲಿ ತರುವುದು ಲೇಸು. ಶಿಕ್ಷೆಗಾಗಿ ಗೂಡಿಗೆ ಹಾಕುವುದನ್ನು ಮಾತ್ರ ಎಂದಿಗೂ ಮಾಡಬೇಡಿರಿ.

3. ಹೊತ್ತಿಗೆ ಸರಿಯಾಗಿ

ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ದೇಹಧರ್ಮ. ಆದುದರಿಂದ ಉಂಡ ಐದರಿಂದ ಮೂವತ್ತು ನಿಮಿಷಗಳೊಳಗೆ ಮರಿಗೆ ಶೌಚವಾಗುತ್ತದೆ. ನಿದ್ರೆಯಿಂದ ಎದ್ದೊಡನೆ, ಆಟವಾಡಿದ ಕೂಡಲೇ, ಗೂಡಿನಿಂದ ಹೊರಬಂದೊಡನೆ ಮೂತ್ರವಾಗುತ್ತದೆ. ಈ ನಾಲ್ಕು ವೇಳೆಗಳನ್ನು ಅರಿತವನು ಅರ್ಧ ಪಾಠವನ್ನು ಗೆದ್ದಂತೆಯೇ. ಊಟದ ವೇಳೆಯು ದಿನವೂ ಒಂದೇ ಆಗಿದ್ದರೆ ಶೌಚದ ವೇಳೆಯೂ ಒಂದೇ ಆಗುತ್ತದೆ.

ಪ್ರತಿಸಲವೂ ಅಂಗಳದ ಒಂದೇ ಮೂಲೆಗೆ ಕರೆದೊಯ್ಯಿರಿ. ಅಲ್ಲಿ ಉಳಿದ ತನ್ನದೇ ವಾಸನೆಯು ಮರಿಗೆ ಕೆಲಸವನ್ನು ನೆನಪಿಸುತ್ತದೆ. ಒಂದೇ ಮಾತನ್ನು ಮೆಲ್ಲಗೆ ಹೇಳಿರಿ. ಕೆಲಸ ಮುಗಿದ ಕ್ಷಣದಲ್ಲಿಯೇ, ಒಂದೆರಡು ಸೆಕೆಂಡುಗಳೊಳಗೆ, ಹೊಗಳಿ ತಿನ್ನಲು ಚೂರೇನಾದರೂ ಕೊಡಿರಿ. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ಬಹುಮಾನವೆಂದು ಮರಿಯು ತಿಳಿಯುತ್ತದೆ. ಜೀರ್ಣಕ್ರಿಯೆಯ ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ರಷ್ಯದ ವಿಜ್ಞಾನಿ ಇವಾನ್ ಪಾವ್ಲೋವ್, ಊಟಕ್ಕೆ ಮುನ್ನ ಮತ್ತೆ ಮತ್ತೆ ಕೇಳಿದ ಸಂಕೇತಕ್ಕೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದೆಂದು ತೋರಿಸಿಕೊಟ್ಟನು. ಎರಡು ಸಂಗತಿಗಳು ಕಾಲದಲ್ಲಿ ಹತ್ತಿರವಿದ್ದರೆ ಮನಸ್ಸು ಅವನ್ನು ಹೆಣೆಯುತ್ತದೆ, ದೂರವಾದರೆ ಹೆಣೆಯದು. ಬಹುಮಾನದ ಗುಟ್ಟೂ ಇದೇ.

ಮಳೆಗಾಲದಲ್ಲಿ ಅನೇಕ ಮರಿಗಳು ಹೊರಗೆ ಕಾಲಿಡಲು ಹೆದರುತ್ತವೆ. ಸೂರಿನ ಕೆಳಗೆ ಅಥವಾ ಕೊಟ್ಟಿಗೆಯ ಮಾಡಿನಡಿಯಲ್ಲಿ ಮರಳು ಹರವಿದ ಸಣ್ಣ ಜಾಗವನ್ನು ಜೂನ್ ತಿಂಗಳ ಮೊದಲೇ ಸಿದ್ಧಗೊಳಿಸಿರಿ. ಚುಚ್ಚುಮದ್ದುಗಳೆಲ್ಲ ಮುಗಿಯುವ ತನಕ, ಬೀದಿನಾಯಿಗಳು ತಿರುಗುವ ನೆಲಕ್ಕೆ ಮರಿಯನ್ನು ಇಳಿಸಬೇಡಿರಿ. ಪಾರ್ವೊ ಎಂಬ ವಾಂತಿಭೇದಿಯ ರೋಗಾಣುವು ನೆಲದಲ್ಲಿ ಬಹುಕಾಲ ಬದುಕಿರುತ್ತದೆ.

4. ಒಂಬತ್ತು ಗಂಟೆಗಳ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮರಿಯು ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು? ಸ್ಥೂಲವಾಗಿ, ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಗಂಟೆಗಳ ಸಂಖ್ಯೆಯು ಸಿಗುತ್ತದೆ. ಎರಡು ತಿಂಗಳ ಮರಿಗೆ ಮೂರು ಗಂಟೆ, ಮೂರು ತಿಂಗಳಿಗೆ ನಾಲ್ಕು ಗಂಟೆ. ಇದು ಗರಿಷ್ಠ ಮಿತಿ. ಎಚ್ಚರವಾಗಿ ಓಡಾಡುವಾಗ ಇದಕ್ಕಿಂತ ಬಹಳ ಕಡಿಮೆ. ಬೆಳೆದ ನಾಯಿಯನ್ನಾದರೂ ಹಗಲಿನಲ್ಲಿ ನಾಲ್ಕೈದು ಗಂಟೆಗಳಿಗಿಂತ ಹೆಚ್ಚು ಒಂದೇ ಸಮನೆ ಗೂಡಿನಲ್ಲಿ ಇಡುವುದು ಯೋಗ್ಯವಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಎಲ್ಲರೂ ಬೆಳಿಗ್ಗೆ ಎಂಟೂವರೆಗೆ ಹೊರಟು ಸಂಜೆ ಐದೂವರೆಗೆ ಮರಳುತ್ತಾರೆ. ಒಟ್ಟು ಒಂಬತ್ತು ಗಂಟೆ. ಮೂರು ತಿಂಗಳ ಮರಿಯ ಶಕ್ತಿ ನಾಲ್ಕು ಗಂಟೆ. ಮಿಕ್ಕ ಐದು ಗಂಟೆಗಳನ್ನು ಅದು ಎಲ್ಲಿಂದ ತರಬೇಕು? ಅದು ಗೂಡನ್ನು ಹೊಲಸು ಮಾಡಿದ್ದು ಅವಿಧೇಯತೆಯಿಂದಲ್ಲ, ಲೆಕ್ಕವೇ ಹೊಂದಲಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ನಡುವೆ ಯಾರಾದರೂ ಬಂದು ಮರಿಯನ್ನು ಹೊರಬಿಡುವುದು. ನೆರೆಮನೆಯ ಅಜ್ಜಿಯೋ, ಹತ್ತಿರದ ಬಂಧುವೋ ಹನ್ನೊಂದೂವರೆಗೊಮ್ಮೆ, ಎರಡೂವರೆಗೊಮ್ಮೆ ಬಂದರೆ ಒಂಬತ್ತು ಗಂಟೆಗಳು ಮೂರು ಸಮಭಾಗಗಳಾಗುತ್ತವೆ. ಎರಡನೆಯದು, ಗೂಡಿನ ಬಾಗಿಲನ್ನು ತೆರೆದಿಟ್ಟು, ಅದರ ಸುತ್ತ ಬೇಲಿ ಕಟ್ಟಿದ ಅಥವಾ ಸಣ್ಣ ಕೋಣೆಯೊಳಗಿನ ಜಾಗವನ್ನು ಒದಗಿಸುವುದು. ಒಂದು ತುದಿಗೆ ಹಾಸಿಗೆ ಮತ್ತು ನೀರು. ಇನ್ನೊಂದು ತುದಿಗೆ ಹಳೆಯ ಪತ್ರಿಕೆಗಳು, ಅಥವಾ ತಟ್ಟೆಯಲ್ಲಿ ಮಣ್ಣುಸಹಿತ ಕಿತ್ತಿಟ್ಟ ಹುಲ್ಲು. ಹುಲ್ಲೇ ಹೆಚ್ಚು ಉತ್ತಮ, ಏಕೆಂದರೆ ಅಂಗಳದಲ್ಲಿಯೂ ಅದು ಹುಲ್ಲನ್ನೇ ಹುಡುಕುವುದು. ಈ ಮಾರ್ಗದಲ್ಲಿ ಕಲಿಕೆ ತಡವಾಗುತ್ತದೆ, ಆದರೆ ಮರಿಯು ತನ್ನ ಹೊಲಸಿನಲ್ಲಿ ಮಲಗಬೇಕಾಗುವುದಿಲ್ಲ. ಎರಡೂ ಸಾಧ್ಯವಿಲ್ಲದ ಮನೆಗೆ ಎಳೆಯ ಮರಿಯನ್ನು ತರುವುದು ಉಚಿತವಲ್ಲ. ಈ ಮಾತು ಕೆಲವು ಮಕ್ಕಳಿಗೆ ಕಹಿಯಾಗಬಹುದು. ಆದರೂ ಹೇಳದೆ ವಿಧಿಯಿಲ್ಲ.

5. ದಂಡನೆಯು ಏನನ್ನು ಕಲಿಸುತ್ತದೆ?

ಮೂಗನ್ನು ಹೊಲಸಿಗೆ ತಿಕ್ಕುವುದು, ಕೋಲಿನಿಂದ ಹೊಡೆಯುವುದು ಕೆಲವೆಡೆ ಇನ್ನೂ ರೂಢಿಯಲ್ಲಿದೆ. ಮಧ್ಯಾಹ್ನದ ಕೃತ್ಯಕ್ಕೆ ಸಂಜೆಯ ಪೆಟ್ಟನ್ನು ಮರಿಯು ಹೊಂದಿಸಲಾರದು. ಒಡೆಯನು ಬಾಗಿಲಲ್ಲಿ ಕಾಣಿಸಿಕೊಂಡರೆ ಪೆಟ್ಟು ಬೀಳುವುದೆಂದಷ್ಟೇ ಅದು ಕಲಿಯುತ್ತದೆ. ಮುಂದೆ ಅವನ ಕಣ್ಣು ತಪ್ಪಿಸಿ ಮಂಚದ ಅಡಿಯಲ್ಲಿ ಶೌಚ ಮಾಡುತ್ತದೆ. "ಅದಕ್ಕೆ ತನ್ನ ತಪ್ಪು ಗೊತ್ತಿದೆ, ಮುಖ ನೋಡಿರಿ!" ಎಂದು ಹಲವರು ಹೇಳುವುದುಂಟು. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು ಪ್ರಕಟಿಸಿದ ಪ್ರಯೋಗವು ಈ ಭ್ರಮೆಯನ್ನು ಕಳೆಯಿತು. ನಾಯಿಯ ಆ ತಪ್ಪಿತಸ್ಥ ಮುಖವು ಅದು ತಪ್ಪು ಮಾಡಿತ್ತೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಒಡೆಯನು ಗದರಿದನೋ ಇಲ್ಲವೋ ಎಂಬುದನ್ನು ಅವಲಂಬಿಸಿತ್ತು. ನಾವು ಪಶ್ಚಾತ್ತಾಪವೆಂದು ತಿಳಿದುದು ಬರಿಯ ಭಯ.

ನಿಮ್ಮ ಕಣ್ಣೆದುರಿಗೇ ಮರಿಯು ಒಳಗೆ ಕೂತರೆ, ಸದ್ದು ಮಾಡಿ ತಡೆದು ಕೂಡಲೇ ಹೊರಗೆ ಎತ್ತಿಕೊಂಡು ಹೋಗಿರಿ. ಅಲ್ಲಿ ಮುಗಿಸಿದರೆ ಹೊಗಳಿರಿ. ನೀವು ನೋಡದಾಗ ಆದುದನ್ನು ಮಾತಿಲ್ಲದೆ ಒರೆಸಿರಿ. ಅಮೋನಿಯ ಬೆರೆತ ದ್ರಾವಣದಿಂದ ತೊಳೆಯಬೇಡಿರಿ. ಅದರ ವಾಸನೆಯು ಮೂತ್ರದ ವಾಸನೆಯನ್ನು ಹೋಲುವುದರಿಂದ ಮರಿಯು ಮರಳಿ ಅಲ್ಲಿಗೇ ಬರುತ್ತದೆ. ಬಂದವರನ್ನು ಕಂಡು ಸಂತೋಷದಿಂದಲೋ ಅಂಜಿಕೆಯಿಂದಲೋ ತೊಟ್ಟಿಕ್ಕುವ ಮರಿಯನ್ನು ಗದರಬೇಡಿರಿ, ಗದರಿದಷ್ಟೂ ಹೆಚ್ಚುತ್ತದೆ. ಚೆನ್ನಾಗಿ ಕಲಿತ ನಾಯಿಯು ಹಠಾತ್ತನೆ ತಪ್ಪತೊಡಗಿದರೆ ಅದಕ್ಕೆ ಮೂತ್ರದ ಸೋಂಕೋ ಬೇರೆ ಕಾಯಿಲೆಯೋ ಇರಬಹುದು, ಮೃಗಾಸ್ಪತ್ರೆಗೆ ಒಯ್ಯಿರಿ. ಗೂಡಿನಲ್ಲಿ ಒಂಟಿಯಾದೊಡನೆ ಜೊಲ್ಲು ಸುರಿಸಿ ತಂತಿಯನ್ನು ಕಚ್ಚಿ ಬಾಯಿ ಗಾಯ ಮಾಡಿಕೊಳ್ಳುವ ನಾಯಿಗೆ ಗೂಡು ಮದ್ದಲ್ಲ.

6. ತಾಯಿತಂದೆಗಳಿಗೆ ಒಂದು ಮಾತು

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಪ್ರಕರಣದಂತೆ, ಪ್ರಾಣಿಯು ತಕ್ಕಮಟ್ಟಿಗೆ ಚಲಿಸಲಾಗದ ಗೂಡಿನಲ್ಲಿ ಅದನ್ನು ಕೂಡಿಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಟ್ಟ ನಾಯಿಗೆ ಒಡೆಯನು ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಅದೇ ಪ್ರಕರಣವು ಕ್ರೌರ್ಯವೆಂದು ಎಣಿಸುತ್ತದೆ. ಕೇರಳದಲ್ಲಿ ನಾಯಿ ಸಾಕಲು ಸ್ಥಳೀಯ ಸಂಸ್ಥೆಯ ಪರವಾನಿಗೆಯೂ ಹುಚ್ಚುನಾಯಿ ರೋಗದ ಚುಚ್ಚುಮದ್ದೂ ಬೇಕು. ಕಾನೂನು ಇಷ್ಟನ್ನು ಹೇಳುತ್ತದೆ. ಉಳಿದುದನ್ನು ಮನಸ್ಸಾಕ್ಷಿಯು ಹೇಳಬೇಕು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮರಿಯನ್ನು ತಂದುಕೊಡುವೆವೆಂದು ಮಾತು ಕೊಡುವ ಮೊದಲು, ನಿಮ್ಮ ಮನೆಯ ಒಂದು ದಿನವನ್ನು ಗಂಟೆಗಳ ಪ್ರಕಾರ ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಮರಿಗೆ ಮೀಸಲಾದ ಹೊತ್ತು ಯಾವುದು, ಆ ಹೊತ್ತಿನಲ್ಲಿ ಹೊಣೆ ಯಾರದು ಎಂಬುದನ್ನು ಹೆಸರು ಸಹಿತ ಗುರುತಿಸಿರಿ. ಹತ್ತು ವರ್ಷದ ಬಾಲಕನು ನೆರವಾಗಬಲ್ಲನು; ಹೊಣೆಯು ಮಾತ್ರ ಹಿರಿಯರದೇ. ಹೊತ್ತಿಗೆ ಸರಿಯಾಗಿ ಎದ್ದು, ಮಳೆಯಲ್ಲಿಯೂ ಮರಿಯೊಡನೆ ಅಂಗಳಕ್ಕೆ ಇಳಿದು, ಕೋಪವನ್ನು ನುಂಗಿಕೊಂಡು ನೆಲವನ್ನು ಒರೆಸಿದ ಮಗುವು ನಾಲ್ಕೈದು ತಿಂಗಳಲ್ಲಿ ಮರಿಗಿಂತ ಹೆಚ್ಚಿನದನ್ನು ತಾನೇ ಕಲಿತಿರುತ್ತದೆ. ಮಾತು ಬಾರದ ಜೀವದ ಕಷ್ಟವನ್ನು ಲೆಕ್ಕಕ್ಕೆ ಹಿಡಿಯಲು ಕಲಿತವನು ಮಾತು ಬರುವವರ ಕಷ್ಟವನ್ನೂ ಕಡೆಗಣಿಸಲಾರನು.

ಅಭ್ಯಾಸ

1. ನಾಯಿಮರಿಗೆ ಶೌಚವಾಗುವ ನಾಲ್ಕು ಮುಖ್ಯ ವೇಳೆಗಳು ಯಾವುವು?
2. ಅತಿ ದೊಡ್ಡ ಗೂಡಿನಿಂದ ಆಗುವ ತೊಂದರೆಯೇನು?
3. ಎರಡು ತಿಂಗಳ ಮರಿಯಿರುವ ಮನೆಯವರು ಬೆಳಿಗ್ಗೆ 9ಕ್ಕೆ ಹೋಗಿ ಸಂಜೆ 5ಕ್ಕೆ ಬರುತ್ತಾರೆ. ನಡುವೆ ಕನಿಷ್ಠ ಎಷ್ಟು ಸಲ ಮರಿಯನ್ನು ಹೊರಬಿಡಬೇಕು?
4. ಸಂಜೆಯ ಪೆಟ್ಟು ಮಧ್ಯಾಹ್ನದ ತಪ್ಪನ್ನು ತಿದ್ದಲಾರದು. ಏಕೆ?
5. ನಿಮ್ಮ ಮನೆಯಲ್ಲಿ ಮರಿಯನ್ನು ಸಾಕಲು ಅನುಕೂಲವಿದೆಯೇ? ತಾಯಿತಂದೆಗಳೊಡನೆ ಚರ್ಚಿಸಿ, ಒಂದು ದಿನದ ವೇಳಾಪಟ್ಟಿಯನ್ನು ಬರೆಯಿರಿ.